ದಂತ ಸೆರಾಮಿಕ್: ಕುಲುಮೆಗೆ ಮೊದಲು ಪರೀಕ್ಷಾಲಯ

ಹಲ್ಲು ಕಳೆದುಕೊಂಡವರ ದವಡೆಯ ಮೂಳೆಯಲ್ಲಿ ಕೃತಕ ಬೇರೊಂದನ್ನು ನೆಟ್ಟು, ಅದರ ಮೇಲೆ ಹೊಸ ಹಲ್ಲನ್ನು ಕೂರಿಸುವ ಇಂಪ್ಲಾಂಟ್ ಚಿಕಿತ್ಸೆಯು ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. 1965ರಲ್ಲಿ ಸ್ವೀಡನ್ನಿನ ಪ್ರೊ. ಬ್ರೋನೆಮಾರ್ಕ್ ಅವರು ಮೊದಲ ರೋಗಿಗೆ ಟೈಟಾನಿಯಂ ಬೇರನ್ನು ಅಳವಡಿಸಿದಂದಿನಿಂದ ಈ ಕ್ಷೇತ್ರದಲ್ಲಿ ಆ ಲೋಹದ್ದೇ ಆಳ್ವಿಕೆ. ಈಚಿನ ವರ್ಷಗಳಲ್ಲಿ ಹಲ್ಲಿನ ಬಣ್ಣಕ್ಕೆ ಹತ್ತಿರವಾದ, ಒಸಡಿನಡಿ ಕಪ್ಪಾಗಿ ಕಾಣಿಸದ ಸೆರಾಮಿಕ್ ಬೇರುಗಳು ಅದರ ಪಕ್ಕದಲ್ಲಿ ಬಂದು ನಿಂತಿವೆ. ಟೈಟಾನಿಯಂ ಇಂಪ್ಲಾಂಟಿನ ಮಾರುಕಟ್ಟೆಯಲ್ಲಿ ವಿದೇಶೀ ಕಂಪನಿಗಳು ದಶಕಗಳ ಹಿಂದೆಯೇ ಬೇರೂರಿರುವುದರಿಂದ, ಹೊಸ ಸಾಮಗ್ರಿಯ ಬಾಗಿಲಿನಿಂದ ಒಳಹೋಗಬಹುದೆಂಬ ಆಸೆ ಸಣ್ಣ ಉದ್ದಿಮೆದಾರರಲ್ಲಿ ಮೂಡುವುದು ಸಹಜವೇ ಆಗಿದೆ.

ಲೆಕ್ಕಾಚಾರವೂ ಮೇಲ್ನೋಟಕ್ಕೆ ಸರಳವಾಗಿ ಕಾಣುತ್ತದೆ. ಸಿಎನ್‌ಸಿ ಯಂತ್ರವನ್ನು ನಡೆಸಬಲ್ಲ ಕುಶಲಕರ್ಮಿಗಳು ಬೆಂಗಳೂರಿನ ಉತ್ತರ ಭಾಗದಲ್ಲಿ ಯಥೇಚ್ಛವಾಗಿದ್ದಾರೆ. ಜಿರ್ಕೋನಿಯಾದ ಬಿಲ್ಲೆಗಳು ವರ್ತಕರ ಬಳಿ ದೊರೆಯುತ್ತವೆ. ಅವುಗಳನ್ನು ಕಡೆದು, ಸುಮಾರು 1,450ರಿಂದ 1,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುವ ಕುಲುಮೆಯೂ ಒಂದು ಬೀರುವಿನಷ್ಟು ಜಾಗದಲ್ಲಿ ಕೂರುತ್ತದೆ. ಹಾಗಿದ್ದ ಮೇಲೆ ತಡವೇಕೆ ಎಂಬ ಪ್ರಶ್ನೆ ಬರುತ್ತದೆ. ತಡವಿರುವುದು ತಯಾರಿಕೆಯಲ್ಲಿ ಅಲ್ಲ. ತಯಾರಾದದ್ದು ಮುರಿಯುವುದಿಲ್ಲವೆಂದು ತೋರಿಸಿಕೊಡುವುದರಲ್ಲಿ. ಈ ವ್ಯಾಪಾರದಲ್ಲಿ ಮಾರಾಟವಾಗುವ ಸರಕು ಆ ಬಿಳಿಯ ತುಂಡಲ್ಲ, ಅದರ ಹಿಂದಿರುವ ಪರೀಕ್ಷೆಯ ದಾಖಲೆ. ಇದನ್ನು ಮನಗಾಣದೆ ಕುಲುಮೆಯನ್ನು ಮೊದಲು ಕೊಂಡು ಪರೀಕ್ಷೆಯನ್ನು ಆಮೇಲೆ ಯೋಚಿಸುವವರು ಬಂಡವಾಳವನ್ನು ಕಳೆದುಕೊಳ್ಳುವ ಸಂಭವವೇ ಹೆಚ್ಚು.

ಬಳ್ಳಾರಿ ರಸ್ತೆಯ ಪಕ್ಕದ ಅಲ್ಲಾಳಸಂದ್ರ ಕೈಗಾರಿಕೆಗೆ ಹೆಸರಾದ ಸ್ಥಳವೇನಲ್ಲ. ಅಲ್ಲಿನ ಕೆರೆಯನ್ನೂ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಎದ್ದ ವಸತಿ ಕಟ್ಟಡಗಳನ್ನೂ ಬಲ್ಲವರೇ ಹೆಚ್ಚು. ಆದರೆ ಅದೇ ಊರನ್ನು ಮಧ್ಯಬಿಂದುವಾಗಿಟ್ಟು ನಕ್ಷೆಯ ಮೇಲೊಂದು ವೃತ್ತವನ್ನು ಎಳೆದರೆ ದಂತ ಸೆರಾಮಿಕ್ ಉದ್ದಿಮೆಗೆ ಬೇಕಾದುದೆಲ್ಲವೂ ಅದರೊಳಗೆ ಬೀಳುತ್ತದೆ. ಪಕ್ಕದ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ, ಹೊಸ ಉದ್ಯಮಗಳಿಗೆ ಆಸರೆ ನೀಡುವ ಸಿ-ಕ್ಯಾಂಪ್ ಸಂಸ್ಥೆಯೂ ಇವೆ. ಹುಣಸಮಾರನಹಳ್ಳಿಯಲ್ಲಿ ಒಂದು, ಮತ್ತಿಕೆರೆಯ ಬದಿಗೆ ಇನ್ನೊಂದು ದಂತ ವೈದ್ಯಕೀಯ ಕಾಲೇಜು. ಇನ್ನೂ ಸ್ವಲ್ಪ ಮುಂದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಮೆಟೀರಿಯಲ್ಸ್ ರಿಸರ್ಚ್ ಸೆಂಟರ್‌ನಲ್ಲಿ ದೇಹದೊಳಗೆ ಬಳಸುವ ಸಾಮಗ್ರಿಗಳ ಕುರಿತು ಸಂಶೋಧನೆ ನಡೆಸಿದ ಪ್ರೊ. ಬಿಕ್ರಮ್‌ಜಿತ್ ಬಸು ಅವರಿಗೆ 2013ರ ಭಟ್ನಾಗರ್ ಪ್ರಶಸ್ತಿ ಸಂದಿತು. ತುಮಕೂರು ರಸ್ತೆಯಲ್ಲಿ ಅಳತೆಯ ನಿಖರತೆಗೆ ಹೆಸರಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅದರಾಚೆಗೆ ಪೀಣ್ಯದ ಕಾರ್ಖಾನೆಗಳು. ಇಷ್ಟೆಲ್ಲ ಇದ್ದೂ ಇಲ್ಲದಿರುವುದು ಒಂದೇ: ಸಣ್ಣ ತಯಾರಕನು ತನ್ನ ಮಾದರಿಗಳನ್ನು ಕಾಗದದಲ್ಲಿ ಸುತ್ತಿ ತಂದು, ಸಾಲಿನಲ್ಲಿ ನಿಂತು, ನಿಗದಿತ ಶುಲ್ಕ ಕೊಟ್ಟು ಪರೀಕ್ಷಿಸಿಕೊಂಡು ಹೋಗಬಹುದಾದ, ದಂತ ಸೆರಾಮಿಕ್ಕಿಗೇ ಮೀಸಲಾದ ಒಂದು ಸಾಮಾನ್ಯ ಪರೀಕ್ಷಾ ಕೇಂದ್ರ.

ಅಂತಹ ಕೇಂದ್ರ ಏಕೆ ಬೇಕೆಂಬುದನ್ನು ತಿಳಿಯಲು ಸಾಮಗ್ರಿಯ ಸ್ವಭಾವವನ್ನು ಸ್ವಲ್ಪ ಅರಿಯಬೇಕಾಗುತ್ತದೆ. ಜಿರ್ಕೋನಿಯಾವು ಕೇರಳ, ತಮಿಳುನಾಡು, ಒಡಿಶಾಗಳ ಕಡಲ ತೀರದ ಮರಳಿನಲ್ಲಿ ದೊರೆಯುವ ಜಿರ್ಕಾನ್ ಖನಿಜದಿಂದ ಬರುವ ಆಕ್ಸೈಡ್. ಶುದ್ಧ ರೂಪದಲ್ಲಿ ಅದು ನಿರುಪಯುಕ್ತ. 1,170 ಡಿಗ್ರಿಗಿಂತ ಮೇಲೆ ಕಾಯಿಸಿ ತಣಿಸಿದಾಗ ಅದರ ಹರಳಿನ ರಚನೆ ಬದಲಾಗಿ, ಗಾತ್ರ ಶೇಕಡ 3ರಿಂದ 5ರಷ್ಟು ಹಿಗ್ಗಿ, ತುಂಡು ತಾನಾಗಿಯೇ ಬಿರಿಯುತ್ತದೆ. ಸ್ವಲ್ಪ ಇಟ್ರಿಯಾ ಬೆರೆಸಿದರೆ ಬಿಸಿಯ ಸ್ಥಿತಿಯ ರಚನೆಯೇ ತಣಿದ ಮೇಲೂ ಉಳಿಯುತ್ತದೆ. ಬಿರುಕೊಂದು ಹುಟ್ಟಿದಾಗ ಅದರ ತುದಿಯಲ್ಲಿರುವ ಹರಳುಗಳು ಮಾತ್ರ ಹಳೆಯ ರೂಪಕ್ಕೆ ತಿರುಗಿ, ಹಿಗ್ಗಿ, ಬಿರುಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. 1975ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಗುಣವನ್ನು ಪ್ರಕಟಿಸಿದಾಗ ಇದನ್ನು ಉಕ್ಕಿಗೇ ಹೋಲಿಸಿದರು. ಹೋಲಿಕೆ ಆಕರ್ಷಕವಾದುದಾದರೂ ವ್ಯಾಪಾರಿಗಳ ಮಟ್ಟಿಗೆ ಅಪಾಯಕಾರಿಯಾದುದು. ಉಕ್ಕು ಬಾಗುತ್ತದೆ, ಸೂಚನೆ ಕೊಟ್ಟು ಸೋಲುತ್ತದೆ. ಸೆರಾಮಿಕ್ ಸೂಚನೆ ಕೊಡುವುದಿಲ್ಲ.

ಇನ್ನೊಂದು ತೊಡಕೂ ಇದೆ. ಬಿರುಕನ್ನು ತಡೆಯುವ ಅದೇ ರೂಪಾಂತರವು ತೇವದ ಸಂಪರ್ಕದಲ್ಲಿ ಬಿರುಕಿಲ್ಲದೆಯೂ ಮೇಲ್ಮೈಯಿಂದ ನಿಧಾನವಾಗಿ ಒಳಗಿಳಿಯಬಲ್ಲದು ಎಂಬುದನ್ನು 1981ರಲ್ಲಿ ಜಪಾನಿನ ಸಂಶೋಧಕರು ಕಂಡರು. ಬಾಯಿಯೆಂದರೆ ಸದಾ ತೇವವಿರುವ ಸ್ಥಳವೇ ಅಲ್ಲವೆ? ಆದಕಾರಣ ಈಗ ಸಂಶೋಧಕರೂ ಕೆಲವು ದೊಡ್ಡ ತಯಾರಕರೂ ಸೆರಾಮಿಕ್ ಕಾಂಪೊಸಿಟ್‌ಗಳತ್ತ, ಎಂದರೆ ಅಲ್ಯುಮಿನಾದ ಹಾಸಿನಲ್ಲಿ ಜಿರ್ಕೋನಿಯಾದ ಕಣಗಳನ್ನು ಅಥವಾ ಜಿರ್ಕೋನಿಯಾದ ಹಾಸಿನಲ್ಲಿ ಅಲ್ಯುಮಿನಾದ ಕಣಗಳನ್ನು ಹರಡಿದ ಮಿಶ್ರಣಗಳತ್ತ ವಾಲಿದ್ದಾರೆ. ಒಂದರ ಗಡಸುತನವೂ ಇನ್ನೊಂದರ ಬಿರುಕು ತಡೆಯುವ ಗುಣವೂ ಒಟ್ಟಿಗೆ ದೊರೆಯಬೇಕೆಂಬುದು ಆಶಯ. ಆದರೆ ಎರಡು ಪುಡಿಗಳನ್ನು ಸಮವಾಗಿ ಬೆರೆಸುವುದು ಮಾತಿನಲ್ಲಿ ಹೇಳಿದಷ್ಟು ಸುಲಭವಲ್ಲ. ಗಾರೆಯಲ್ಲಿ ಅರಳದೆ ಉಳಿದ ಸುಣ್ಣದ ಉಂಡೆಯಂತೆ, ಒಂದೆಡೆ ಗುಂಪುಗೂಡಿದ ಕಣಗಳೇ ಮುಂದೆ ಬಿರುಕಿನ ಬೀಜವಾಗುತ್ತವೆ. ಮಿಶ್ರಣದ ಮೂಲಕ ಒಂದು ದೋಷ ಪರಿಹಾರವಾಗಿ, ಪರೀಕ್ಷಿಸಬೇಕಾದ ಸಂಗತಿಗಳು ಎರಡಾದವು ಎಂದೇ ತಿಳಿಯಬೇಕು.

ಲೋಹದ ಕೆಲಸದಲ್ಲಿ ಪಳಗಿದವರಿಗೆ ಸೆರಾಮಿಕ್ಕಿನ ಲೆಕ್ಕ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಲೋಹದ ತುಂಡಿನ ಮೇಲಿನ ಸಣ್ಣ ಗೀರು ಹೆಚ್ಚಾಗಿ ನಯಗೊಳಿಸುವಿಕೆಯ ವಿಷಯ. ಸೆರಾಮಿಕ್ಕಿನಲ್ಲಾದರೋ ಕೂದಲಿನ ದಪ್ಪಕ್ಕಿಂತ ಚಿಕ್ಕದಾದ ಗೀರು ಇಡೀ ತುಂಡಿನ ಬಲವನ್ನು ನಿರ್ಧರಿಸಬಲ್ಲದು. ಇಂಪ್ಲಾಂಟಿನ ಮೇಲ್ಮೈಯನ್ನು ಮೂಳೆ ಹಿಡಿದುಕೊಳ್ಳಲೆಂದು ಬೇಕೆಂದೇ ಒರಟುಗೊಳಿಸಲಾಗುತ್ತದೆ. ಆ ಒರಟಿನ ಪ್ರತಿ ಗುಳಿಯೂ ಸಂಶಯಾಸ್ಪದವೇ. ಹೀಗಾಗಿ ಒಂದೇ ಲಾಟಿನ 30 ತುಂಡುಗಳನ್ನು ಮುರಿದರೆ 30 ಬೇರೆ ಬೇರೆ ಅಂಕಿಗಳು ಬರುತ್ತವೆ. ಸ್ವೀಡನ್ನಿನ ಇಂಜಿನಿಯರ್ ವೈಬುಲ್ ಅವರು ರೂಪಿಸಿದ ಸಂಖ್ಯಾಶಾಸ್ತ್ರದ ಪ್ರಕಾರ, ಸರಪಳಿಯ ಬಲವು ಅದರ ಅತ್ಯಂತ ದುರ್ಬಲ ಕೊಂಡಿಯ ಬಲವೇ ಆಗಿರುವಂತೆ, ಇಲ್ಲಿ ನೋಡಬೇಕಾದುದು ಸರಾಸರಿಯನ್ನಲ್ಲ, ಅಂಕಿಗಳ ಚದುರುವಿಕೆಯನ್ನು. ಸರಾಸರಿ 1,000 ಮೆಗಾಪಾಸ್ಕಲ್ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ ಕರಪತ್ರವನ್ನು ನಂಬಿ ಸರಕು ಎತ್ತುವ ವರ್ತಕನು, ಅದರಲ್ಲಿ ಅತಿ ಕಡಿಮೆ ಬಂದ ಅಂಕಿ ಎಷ್ಟೆಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಕೇಳಿದರೆ ಅನೇಕ ಸರಬರಾಜುದಾರರು ಮಾತು ಬದಲಿಸುತ್ತಾರೆ.

ಪರೀಕ್ಷೆಯನ್ನು ಒಮ್ಮೆ ಮಾಡಿಸಿ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿ ತೂಗುಹಾಕಿದರೆ ಸಾಲದು ಎಂಬುದಕ್ಕೆ ಮೂಳೆ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಉದಾಹರಣೆಯಿದೆ. ಸೊಂಟದ ಕೀಲಿನ ಬದಲಿಗೆ ಬಳಸುವ ಜಿರ್ಕೋನಿಯಾ ಗುಂಡುಗಳನ್ನು ಫ್ರಾನ್ಸಿನ ಸೇಂಟ್ ಗೋಬೇನ್ ಸಮೂಹದ ಘಟಕವೊಂದು ಪ್ರೋಜಿರ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ತಯಾರಿಸಿ ಒದಗಿಸುತ್ತಿತ್ತು. 1998ರಲ್ಲಿ ತುಂಡುಗಳನ್ನು ಕಂತುಕಂತಾಗಿ ಸುಡುವ ಕುಲುಮೆಯ ಬದಲು, ಒಂದು ಬದಿಯಿಂದ ಒಳಹೋಗಿ ಇನ್ನೊಂದು ಬದಿಯಿಂದ ಹೊರಬರುವ ಸುರಂಗ ಕುಲುಮೆಯನ್ನು ಅಳವಡಿಸಲಾಯಿತು. ಉತ್ಪಾದನೆಯ ದೃಷ್ಟಿಯಿಂದ ಇದಕ್ಕಿಂತ ಸಹಜವಾದ ಸುಧಾರಣೆ ಇನ್ನೊಂದಿಲ್ಲ. ಯಾವ ಕಾರ್ಖಾನೆಯ ಮಾಲೀಕನೂ ಮಾಡಬಹುದಾದುದು. ಸಾಮಗ್ರಿ ಅದೇ, ಹೆಸರೂ ಅದೇ. ಆದರೆ 2000 ಮತ್ತು 2001ರಲ್ಲಿ ರೋಗಿಗಳ ದೇಹದೊಳಗೆ ಆ ಗುಂಡುಗಳು ಒಂದರ ಹಿಂದೊಂದರಂತೆ ಒಡೆಯತೊಡಗಿದವು. ಅಲ್ಪ ಅವಧಿಯಲ್ಲಿ ಒಡೆದವುಗಳ ಸಂಖ್ಯೆ ಸುಮಾರು 400. 2001ರ ಆಗಸ್ಟ್‌ನಲ್ಲಿ ಸರಕನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಸುಡುವ ಹಾಗೂ ತಣಿಸುವ ಕ್ರಮ ಬದಲಾದಾಗ ಸಾಮಗ್ರಿಯೇ ಬದಲಾಗಿತ್ತು.

ಒಡೆದ ಪ್ರತಿ ಗುಂಡಿನ ಹಿಂದೆಯೂ ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಮೇಜಿನ ಮೇಲೆ ಮಲಗಿದ ಒಬ್ಬ ಮನುಷ್ಯನಿದ್ದನು. ಒಂದು ಘಟಕದ ಕುಲುಮೆಯಿಂದಾಗಿ ಕೀಲು ಚಿಕಿತ್ಸೆಯಲ್ಲಿ ಜಿರ್ಕೋನಿಯಾದ ವ್ಯಾಪಾರವೇ ಬಹುಪಾಲು ಕುಸಿದುಬಿತ್ತು. ತಪ್ಪೆಸಗದ ಇತರ ತಯಾರಕರೂ ಅದರಲ್ಲಿ ಕೊಚ್ಚಿಹೋದರು. ಆ ಜಾಗಕ್ಕೆ ಬಂದು ನೆಲೆಯೂರಿದುದೇ ಅಲ್ಯುಮಿನಾ ಮತ್ತು ಜಿರ್ಕೋನಿಯಾ ಸೇರಿದ ಕಾಂಪೊಸಿಟ್. ಇಂದು ಅದನ್ನೇ ದವಡೆಗೆ ತರುವ ಮಾತು ನಡೆದಿರುವಾಗ ಈ ಹಿನ್ನೆಲೆಯನ್ನು ಮರೆಯಲಾಗದು. ಅಂತಹ ಬೃಹತ್ ಸಂಸ್ಥೆಯೇ ಎಡವಿದ ಜಾಗದಲ್ಲಿ, ವಿದ್ಯುತ್ ಏರಿಳಿತಕ್ಕೆ ಕುಲುಮೆಯ ಮುಳ್ಳು ನಡುಗುವ ಸಣ್ಣ ಘಟಕವು ಇನ್ನೆಷ್ಟು ಎಚ್ಚರದಿಂದಿರಬೇಕು!

ಇನ್ನು ಪರೀಕ್ಷೆಗಳ ಸ್ವರೂಪವನ್ನು ನೋಡಬಹುದು. ಹಲ್ಲಿನ ಮೇಲೆ ಕೂರುವ ಕ್ಯಾಪ್ ಹಾಗೂ ಸೇತುವೆಗಳ ಸೆರಾಮಿಕ್ಕಿಗೆ ಐಎಸ್‌ಒ 6872 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಲ್ಲಿ ಬಲದ ದರ್ಜೆಗಳನ್ನು ವಿಂಗಡಿಸಿ, ಅತ್ಯುನ್ನತವಾದ ಐದನೆಯ ದರ್ಜೆಗೆ ಕನಿಷ್ಠ 800 ಮೆಗಾಪಾಸ್ಕಲ್ ಎಂದು ನಿಗದಿ ಮಾಡಲಾಗಿದೆ. ಬಿಲ್ಲೆಯಾಕಾರದ ತೆಳುವಾದ ಮಾದರಿಯನ್ನು ಮೂರು ಉಕ್ಕಿನ ಗುಂಡುಗಳ ಮೇಲಿಟ್ಟು ಮೇಲಿನಿಂದ ಒತ್ತಿ ಮುರಿಯುವುದು ಇದರ ಒಂದು ವಿಧಾನ. ಕಡಲ ಮರಳಿನಿಂದ ಬರುವ ಜಿರ್ಕಾನ್‌ನಲ್ಲಿ ಯುರೇನಿಯಂನ ಲೇಶ ಇರುವ ಕಾರಣ ವಿಕಿರಣದ ಮಿತಿಯೂ ಅದರಲ್ಲಿ ಸೇರಿದೆ: ಗ್ರಾಂ ಒಂದಕ್ಕೆ 1 ಬೆಕೆರೆಲ್‌ಗಿಂತ ಹೆಚ್ಚಿರಕೂಡದು. ದೇಹದೊಳಗಿನ ಜಿರ್ಕೋನಿಯಾಕ್ಕೆ ಐಎಸ್‌ಒ 13356, ಅಲ್ಯುಮಿನಾ ಆಧಾರಿತ ಕಾಂಪೊಸಿಟ್‌ಗೆ ಐಎಸ್‌ಒ 6474ರ ಎರಡನೆಯ ಭಾಗ, ಜೀವಕೋಶಗಳಿಗೆ ಹಾನಿಯಿಲ್ಲವೆಂದು ತೋರಿಸಲು ಐಎಸ್‌ಒ 10993 ಸರಣಿ.

ಇವುಗಳಲ್ಲಿ ವೃದ್ಧಾಪ್ಯ ಪರೀಕ್ಷೆ ಕುತೂಹಲಕರವಾದುದು. ಮಾದರಿಯನ್ನು 134 ಡಿಗ್ರಿಯ ಹಬೆಯಲ್ಲಿ 5 ಗಂಟೆಗಳ ಕಾಲ ಇಟ್ಟು, ಆ ಬಳಿಕ ಎಷ್ಟು ಭಾಗ ಹಳೆಯ ಹರಳಿನ ರೂಪಕ್ಕೆ ತಿರುಗಿದೆ ಎಂದು ಅಳೆಯಲಾಗುತ್ತದೆ. ಶೇಕಡ 25ನ್ನು ಮೀರಿದರೆ ಅನುತ್ತೀರ್ಣ. ಇಂತಹ ಹಬೆಯ 1 ಗಂಟೆಯು ದೇಹದೊಳಗಿನ 3ರಿಂದ 4 ವರ್ಷಗಳಿಗೆ ಸಮವೆಂಬ ಸಂಶೋಧಕರ ಅಂದಾಜೊಂದು ಪ್ರಚಾರದಲ್ಲಿದೆ. ಪುಡಿಯೂ ಕಣದ ಗಾತ್ರವೂ ಬದಲಾದರೆ ಆ ಅಂದಾಜು ಬದಲಾಗುವುದರಿಂದ ಅದನ್ನು ಖಾತರಿಯೆಂದು ಗ್ರಾಹಕರಿಗೆ ಹೇಳುವುದು ಸಾಧುವಲ್ಲ. ಹಬೆ ಹಾಕುವ ಆಟೋಕ್ಲೇವ್ ಪ್ರತಿಯೊಂದು ದಂತ ಚಿಕಿತ್ಸಾಲಯದ ಮೂಲೆಯಲ್ಲೂ ಕುಳಿತಿರುತ್ತದೆ. ಆದರೆ ಹರಳಿನ ರೂಪವನ್ನು ಅಳೆಯುವ ಎಕ್ಸ್-ರೇ ಡಿಫ್ರಾಕ್ಷನ್ ಯಂತ್ರವು ಸಣ್ಣ ಉದ್ದಿಮೆದಾರನ ಕೈಗೆಟುಕದು. ಅದು ಇರುವುದು ಮೇಲೆ ಹೇಳಿದಂತಹ ಸಂಶೋಧನಾ ಸಂಸ್ಥೆಗಳಲ್ಲಿ, ಸಂಶೋಧಕ ವಿದ್ಯಾರ್ಥಿಗಳ ಕೆಲಸದ ನಡುವೆ.

ಎಲ್ಲಕ್ಕಿಂತ ತಾಳ್ಮೆ ಬೇಡುವುದು ಐಎಸ್‌ಒ 14801ರ ಫಟೀಗ್ ಪರೀಕ್ಷೆ, ಅಂದರೆ ಅಗಿಯುವಿಕೆಯನ್ನು ಹೋಲುವ ಹೊರೆಯನ್ನು ಮತ್ತೆ ಮತ್ತೆ ಹಾಕಿ ಬಳಲಿಸುವ ಪರೀಕ್ಷೆ. ಮೂಳೆ 3 ಮಿಲಿಮೀಟರಿನಷ್ಟು ಸವೆದಿದೆಯೆಂದು ಭಾವಿಸಿ, ಇಂಪ್ಲಾಂಟನ್ನು ಅಷ್ಟು ಹೊರಗೆ ಚಾಚುವಂತೆ ಹಿಡಿಸಿ, 30 ಡಿಗ್ರಿ ಓರೆಯಲ್ಲಿ ಒತ್ತಲಾಗುತ್ತದೆ. ಒಣ ವಾತಾವರಣದಲ್ಲಿ 50 ಲಕ್ಷ ಬಾರಿ, ಸೆಕೆಂಡಿಗೆ ಹೆಚ್ಚೆಂದರೆ 15 ಬಾರಿ. ತೇವದಿಂದ ಬಲ ಕುಂದಬಹುದಾದ ಸಾಮಗ್ರಿಯನ್ನು ದ್ರವದಲ್ಲಿ ಮುಳುಗಿಸಿಟ್ಟು 20 ಲಕ್ಷ ಬಾರಿ, ಸೆಕೆಂಡಿಗೆ 2ಕ್ಕಿಂತ ಹೆಚ್ಚಿಲ್ಲದಂತೆ. ವರ್ತಕರು ತಾವೇ ಲೆಕ್ಕ ಹಾಕಿ ನೋಡಬಹುದು. ಒಣ ಪರೀಕ್ಷೆಯ ಒಂದು ಮಾದರಿಗೆ ಯಂತ್ರವು ಸುಮಾರು 93 ಗಂಟೆ ನಿಲ್ಲದೆ ಓಡಬೇಕು. ದ್ರವದಲ್ಲಿಯಾದರೆ 10 ಲಕ್ಷ ಸೆಕೆಂಡು, ಎಂದರೆ ಹನ್ನೊಂದೂವರೆ ದಿನ. ಕನಿಷ್ಠ ನಾಲ್ಕು ಬೇರೆ ಬೇರೆ ಹೊರೆಗಳಲ್ಲಿ ಪರೀಕ್ಷಿಸಿ, ಕೊನೆಗೆ ಒಂದು ಹೊರೆಯಲ್ಲಿ ಮೂರು ಮಾದರಿಗಳು ಮುರಿಯದೆ ಗುರಿ ತಲುಪಬೇಕು. ಆ ಮೂರು ಮಾದರಿಗಳಿಗೇ ಒಂದು ಯಂತ್ರ ತಿಂಗಳಿಗೂ ಹೆಚ್ಚು ಕಾಲ ಹಗಲಿರುಳು ನಡೆಯಬೇಕಾಗುತ್ತದೆ. ನಡುವೆ ವಿದ್ಯುತ್ ಹೋದರೆ ಕಿರಿಕಿರಿ ಹೇಳತೀರದು. ಹತ್ತು ಜನ ಕೆಲಸ ಮಾಡುವ ಘಟಕವೊಂದು ಇಂತಹ ಯಂತ್ರವನ್ನು ಸ್ವಂತಕ್ಕೆ ಕೊಂಡರೆ ವರ್ಷದ ಬಹುಭಾಗ ಅದು ಬಟ್ಟೆ ಹೊದ್ದು ಮಲಗಿರುತ್ತದೆ. ಇಪ್ಪತ್ತು ಘಟಕಗಳು ಸೇರಿ ನಾಲ್ಕು ಯಂತ್ರ ಕೊಂಡರೆ ಒಂದಕ್ಕೂ ಬಿಡುವಿರುವುದಿಲ್ಲ. ಸಾಮಾನ್ಯ ಕೇಂದ್ರದ ಪರವಾದ ವಾದದ ತಿರುಳು ಈ ಗಣಿತದಲ್ಲಿದೆ.

ಬಿಲ್ಲೆಗಳ ಜೊತೆಗೇ ವಿದೇಶದ ಪ್ರಮಾಣಪತ್ರ ಬರುತ್ತದಲ್ಲ, ಮತ್ತೇಕೆ ಪರೀಕ್ಷೆ ಎಂದು ವಾದಿಸುವವರು ವ್ಯಾಪಾರ ವಲಯದಲ್ಲಿ ಕಡಿಮೆಯಿಲ್ಲ. ಆ ಪ್ರಮಾಣಪತ್ರವು ಬಿಲ್ಲೆ ತಯಾರಕನು ತನ್ನ ಕುಲುಮೆಯಲ್ಲಿ, ತನ್ನ ಕ್ರಮದಲ್ಲಿ ಸುಟ್ಟ ಮಾದರಿಗೆ ಸಂಬಂಧಿಸಿದ್ದು. ಬಿಲ್ಲೆಯು ಇಲ್ಲಿಗೆ ಬರುವುದು ಅರೆಬೆಂದ, ಸೀಮೆಸುಣ್ಣದಂತಹ ಸ್ಥಿತಿಯಲ್ಲಿ. ಕಡೆದು ಸುಟ್ಟಾಗ ಅದು ಉದ್ದಗಲಗಳಲ್ಲಿ ಶೇಕಡ 20ರ ಆಸುಪಾಸಿನಲ್ಲಿ ಕುಗ್ಗುತ್ತದೆ. ಅಂತಿಮ ಬಲವು ಹುಟ್ಟುವುದು ಆ ಕೊನೆಯ ಬೇಯಿಸುವಿಕೆಯಲ್ಲಿ, ಇಲ್ಲಿನ ಕುಲುಮೆಯಲ್ಲಿ. ಹಾಗಾಗಿ ಪ್ರಮಾಣಪತ್ರದ ಬೆಲೆ ಕುಲುಮೆಯ ಬಾಗಿಲವರೆಗೆ ಮಾತ್ರ. ಅಲ್ಲಿಂದಾಚೆಗೆ ಏನಾಯಿತೆಂಬುದಕ್ಕೆ ಸ್ಥಳೀಯ ತಯಾರಕನೇ ಹೊಣೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2018ರ ಜನವರಿ 1ರಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳು, 2017, ಸಾಧನಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವರ್ಗೀಕರಿಸಿವೆ. ಹಲ್ಲಿನೊಳಗೆ ಅಥವಾ ಹಲ್ಲಿನ ಮೇಲೆ ಕೂರುವ ದೀರ್ಘಕಾಲದ ಸಾಧನ ಬಿ ವರ್ಗ. ಮೂಳೆಯೊಳಗೆ ಹೋಗುವ ಇಂಪ್ಲಾಂಟ್ ಸಿ ವರ್ಗ. ಬಿ ವರ್ಗದ ತಯಾರಿಕಾ ಪರವಾನಗಿಯನ್ನು ರಾಜ್ಯದ ಪ್ರಾಧಿಕಾರ ನೀಡುತ್ತದೆ, ಸಿ ವರ್ಗದ್ದನ್ನು ಕೇಂದ್ರದ ಪ್ರಾಧಿಕಾರ. ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಪರವಾನಗಿ ಕಡ್ಡಾಯವಾಗಿದೆ. ಪರೀಕ್ಷೆಗೆಂದು ನಾಲ್ಕಾರು ತುಂಡು ತಯಾರಿಸುವುದಕ್ಕೂ ಎಂಡಿ-13 ನಮೂನೆಯ ಪರೀಕ್ಷಾ ಪರವಾನಗಿ ಬೇಕೆಂಬುದು ಅನೇಕರಿಗೆ ತಿಳಿದಂತಿಲ್ಲ. ವೈದ್ಯರ ಚೀಟಿಯಂತೆ ಒಬ್ಬ ರೋಗಿಗೆಂದೇ ಮಾಡಿಕೊಡುವ ಸಾಧನಕ್ಕೆ ನಿಯಮಗಳಲ್ಲಿ ಪ್ರತ್ಯೇಕ ವ್ಯಾಖ್ಯೆಯಿದೆ. ಆದರೆ ರಾಶಿ ಉತ್ಪಾದನೆಯನ್ನು ಅದರಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಆ ಕೊಡೆಯಡಿ ಇಂಪ್ಲಾಂಟ್ ತಯಾರಿಕೆಯನ್ನು ನುಸುಳಿಸುವ ಆಲೋಚನೆ ಯಾರಿಗಾದರೂ ಇದ್ದರೆ ಅದನ್ನು ಕೈಬಿಡುವುದು ಲೇಸು.

ಸಾಮಾನ್ಯ ಪರೀಕ್ಷಾ ಕೇಂದ್ರವೆಂಬುದು ಬೆಂಗಳೂರಿಗೆ ಹೊಸ ಕಲ್ಪನೆಯಲ್ಲ. ಇಲ್ಲಿ ಪಿಂಗಾಣಿಯ ಉದ್ದಿಮೆ ಮೈಸೂರು ಸರ್ಕಾರದ ಕಾಲದಿಂದಲೂ ಇದೆ; ಮಲ್ಲೇಶ್ವರದ ಬದಿಯ ಆ ಪಿಂಗಾಣಿ ಕಾರ್ಖಾನೆ 1976ರಲ್ಲಿ ಬಿಎಚ್‌ಇಎಲ್‌ನ ವಶಕ್ಕೆ ಬಂದಿತು. ಅಲ್ಲಿ ತಯಾರಾಗುತ್ತಿದ್ದ ವಿದ್ಯುತ್ ಇನ್ಸುಲೇಟರ್‌ಗಳೂ ಸೆರಾಮಿಕ್ಕೇ. ಅವುಗಳೂ ಸೂಚನೆಯಿಲ್ಲದೆ ಬಿರಿಯುವಂತಹವೇ. ಆ ವ್ಯಾಪಾರದಲ್ಲಿ ವಿನ್ಯಾಸಕ್ಕೊಮ್ಮೆ ಮಾಡುವ ಟೈಪ್ ಟೆಸ್ಟ್ ಬೇರೆ, ಕಾರ್ಖಾನೆಯಿಂದ ಹೊರಡುವ ಪ್ರತಿಯೊಂದಕ್ಕೂ ಮಾಡುವ ರೂಟೀನ್ ಟೆಸ್ಟ್ ಬೇರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸದಾಶಿವನಗರದ ಬಳಿ ನಿಂತು, ಟ್ರಾನ್ಸ್‌ಫಾರ್ಮರ್, ಕೇಬಲ್, ಇನ್ಸುಲೇಟರ್ ತಯಾರಕರ ಸರಕನ್ನು ದಶಕಗಳಿಂದ ಪರೀಕ್ಷಿಸುತ್ತ ಬಂದಿದೆ. ಸ್ವಂತ ಹೈ ವೋಲ್ಟೇಜ್ ಪ್ರಯೋಗಾಲಯವನ್ನು ಕನಸಿನಲ್ಲೂ ಕಾಣಲಾಗದ ಸಣ್ಣ ತಯಾರಕನು ಸಿಪಿಆರ್‌ಐ ವರದಿಯನ್ನು ಕೈಯಲ್ಲಿ ಹಿಡಿದು ವಿದ್ಯುತ್ ಮಂಡಳಿಗಳ ಟೆಂಡರಿಗೆ ದೊಡ್ಡವರ ಸಮಕ್ಕೆ ನಿಂತನು. ಆ ಒಂದು ಕಾಗದ ಎಷ್ಟು ಕಾರ್ಖಾನೆಗಳನ್ನು ಬೆಳೆಸಿತೆಂಬುದನ್ನು ಪೀಣ್ಯದ ಹಿರಿಯ ಉದ್ದಿಮೆದಾರರು ಬಲ್ಲರು. ದಂತ ಸೆರಾಮಿಕ್ಕಿಗೆ ಬೇಕಾಗಿರುವುದು ಅದೇ ಬಗೆಯ, ಅದಕ್ಕಿಂತ ಬಹಳ ಚಿಕ್ಕದಾದ ವ್ಯವಸ್ಥೆ.

ಹಣದ ಮೂಲವೂ ಇಲ್ಲದಿಲ್ಲ. 2023ರಲ್ಲಿ ಕೇಂದ್ರ ಸಂಪುಟವು ರಾಷ್ಟ್ರೀಯ ವೈದ್ಯಕೀಯ ಸಾಧನಗಳ ನೀತಿಯನ್ನು ಅಂಗೀಕರಿಸಿತು. 2024ರ ನವೆಂಬರ್‌ನಲ್ಲಿ ಆರಂಭವಾದ 500 ಕೋಟಿ ರೂಪಾಯಿಯ ಯೋಜನೆಯಲ್ಲಿ ತಯಾರಕರ ಸಮೂಹಗಳ ಸಾಮಾನ್ಯ ಸೌಲಭ್ಯಕ್ಕೆ 20 ಕೋಟಿಯವರೆಗೂ, ಪರೀಕ್ಷಾ ಸೌಲಭ್ಯ ಸ್ಥಾಪಿಸುವ ಸಂಸ್ಥೆಗಳಿಗೆ 5 ಕೋಟಿಯವರೆಗೂ ನೆರವಿಗೆ ಅವಕಾಶ ಕಲ್ಪಿಸಲಾಯಿತು. ಸಣ್ಣ ಕೈಗಾರಿಕೆಗಳ ಸಮೂಹ ಅಭಿವೃದ್ಧಿ ಕಾರ್ಯಕ್ರಮವೂ ಉಂಟು. ಇವುಗಳಿಗೆ ಅರ್ಜಿ ಹಾಕಬೇಕಾದುದು ಒಬ್ಬೊಬ್ಬ ಮಾಲೀಕನಲ್ಲ, ಸಂಘಟಿತ ಸಮೂಹ. ವಾಣಿಜ್ಯ ಮಂಡಳಿಯು ಮುಂದೆ ನಿಂತು ತಯಾರಕರನ್ನೂ, ದಂತ ಕಾಲೇಜನ್ನೂ, ಸಂಶೋಧನಾ ಸಂಸ್ಥೆಯನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕು. ಎಲ್ಲ ಯಂತ್ರಗಳನ್ನೂ ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ. ಎಕ್ಸ್-ರೇ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿಗೆ ಸಂಶೋಧನಾ ಸಂಸ್ಥೆಗಳೊಡನೆ ವಾರಕ್ಕಿಷ್ಟು ಗಂಟೆ ಎಂಬ ಲಿಖಿತ ಒಪ್ಪಂದ ಸಾಕು. ಜೀವಕೋಶಗಳ ಪರೀಕ್ಷೆಗೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಂತಹ ಅನುಭವಿ ಕೇಂದ್ರಗಳಿರುವಾಗ ಅದನ್ನಿಲ್ಲಿ ಆರಂಭದಲ್ಲೇ ನಕಲು ಮಾಡುವುದು ದುಂದುವೆಚ್ಚ. ಸ್ವಂತವಾಗಿ ಬೇಕಾದುವು ಮುರಿಯುವ ಯಂತ್ರ, ಫಟೀಗ್ ಯಂತ್ರಗಳು, ಆಟೋಕ್ಲೇವ್, ಸಾಂದ್ರತೆ ಅಳೆಯುವ ತಕ್ಕಡಿ, ಮತ್ತು ಕುಲುಮೆಗಳ ಶಾಖವನ್ನು ಸ್ಥಳಕ್ಕೇ ಹೋಗಿ ತಾಳೆ ನೋಡುವ ಉಪಕರಣ. ಇವೆಲ್ಲದರ ಮೇಲೆ ಐಎಸ್‌ಒ 17025 ಪ್ರಕಾರ ಎನ್‌ಎಬಿಎಲ್ ಮಾನ್ಯತೆಯೂ, ನಿಯಮಗಳಡಿ ನೋಂದಣಿಯೂ ಇರಬೇಕು. ಅವಿಲ್ಲದ ವರದಿಗೆ ಪರವಾನಗಿ ಅಧಿಕಾರಿಯ ಮುಂದೆ ಹೆಚ್ಚಿನ ತೂಕವಿರಲಾರದು.

ಯಂತ್ರದಲ್ಲಿ ಪಾಸಾದುದು ಬಾಯಿಯಲ್ಲಿ ಪಾಸಾಗುತ್ತದೆಂಬ ಖಾತರಿಯೇನು ಎಂಬ ಆಕ್ಷೇಪ ದಂತವೈದ್ಯರಿಂದ ಬರುತ್ತದೆ. ಆಕ್ಷೇಪ ನ್ಯಾಯವಾದುದೇ. ಐಎಸ್‌ಒ 14801 ಕೂಡ ತನ್ನ ಫಲಿತಾಂಶವು ವಿನ್ಯಾಸಗಳನ್ನು ಹೋಲಿಸಲು ಉಪಯುಕ್ತವೇ ಹೊರತು ಬಾಯಿಯೊಳಗಿನ ಭವಿಷ್ಯವನ್ನು ನುಡಿಯುವುದಕ್ಕಲ್ಲವೆಂದು ಸ್ವತಃ ಹೇಳಿಕೊಂಡಿದೆ. ಆದರೆ ಯಂತ್ರದಲ್ಲಿ ಸೋತದ್ದು ಬಾಯಿಗೆ ಹೋಗದಂತೆ ತಡೆಯಬಹುದಲ್ಲ. ಅಷ್ಟಕ್ಕಾದರೂ ಪರೀಕ್ಷೆ ಬೇಕು. ಟೈಟಾನಿಯಂ ಬೇರಿನ ಮೇಲಿನ ಭಾಗ ಮುರಿದರೆ ಅನೇಕ ವೇಳೆ ಅದನ್ನು ಬದಲಿಸಿ ಮುಂದುವರಿಯಬಹುದು. ಒಂದೇ ತುಂಡಿನ ಸೆರಾಮಿಕ್ ಬೇರು ಮುರಿದರೆ ಮೂಳೆಯಲ್ಲಿ ಉಳಿದ ಭಾಗವನ್ನು ಮೂಳೆಯ ಸಮೇತ ಕೊರೆದು ತೆಗೆಯಬೇಕಾದೀತು. ನೋವು ರೋಗಿಯದು, ಅಪವಾದ ವೈದ್ಯನದು, ದಾವೆ ತಯಾರಕನದು.

ಹಾಗೆಂದು ಸೆರಾಮಿಕ್ ವ್ಯಾಪಾರದಿಂದ ದೂರವಿರಬೇಕೆಂದೇನೂ ಅಲ್ಲ. ಹೆಜ್ಜೆಗಳ ಕ್ರಮವನ್ನು ಸರಿಪಡಿಸಿಕೊಂಡರೆ ಸಾಕು. ಮೊದಲು ಬಿ ವರ್ಗದ ಕ್ಯಾಪ್ ಮತ್ತು ಸೇತುವೆಗಳು. ಇವು ಮುರಿದರೂ ಬದಲಿಸಬಹುದಾದುವು, ಇವುಗಳಿಗೆ ಬೇಡಿಕೆ ನಿತ್ಯದ್ದು. ಈ ಕೆಲಸದಲ್ಲೇ ಕುಲುಮೆಯ ಪ್ರತಿ ಸುಡುವಿಕೆಯ ಶಾಖ, ಸಮಯ, ಬಿಲ್ಲೆಯ ಲಾಟು ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದಿಡುವ ಶಿಸ್ತು ಬರಬೇಕು. ಪ್ರತಿ ಲಾಟಿನೊಂದಿಗೂ ಪರೀಕ್ಷೆಗೆಂದು ಹತ್ತು ಬಿಲ್ಲೆಗಳನ್ನು ಸುಟ್ಟು ಮುರಿದು ನೋಡಬೇಕು. ಒಂದೆರಡು ವರ್ಷ ಹೀಗೆ ಅಂಕಿಗಳು ಕೂಡಿದ ಮೇಲೆ ತಯಾರಕನಿಗೆ ತನ್ನ ಕುಲುಮೆಯ ಗುಣವೇನೆಂಬುದು ಇತರರು ಹೇಳದೆಯೇ ತಿಳಿಯುತ್ತದೆ. ಮೂಳೆಯೊಳಗೆ ಹೋಗುವ ಇಂಪ್ಲಾಂಟ್, ಅದರಲ್ಲೂ ಕಾಂಪೊಸಿಟ್ ಇಂಪ್ಲಾಂಟ್, ಈ ದಾಖಲೆಯ ಪುಸ್ತಕ ದಪ್ಪವಾದ ಬಳಿಕದ ಮಾತು. ಬಿಲ್ಲೆಗಳನ್ನು ತರಿಸುವ ವರ್ತಕರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ; ಮುಂದಿನ ಸರಕಿಗೆ ಹಣ ಕಟ್ಟುವ ಮುನ್ನವೇ ಲಾಟು ಸಂಖ್ಯೆ, ವೃದ್ಧಾಪ್ಯ ಪರೀಕ್ಷೆಯ ಫಲಿತಾಂಶ ಮತ್ತು ಅತಿ ಕಡಿಮೆ ಬಲದ ಅಂಕಿ, ಈ ಮೂರನ್ನು ಬರಹದಲ್ಲಿ ಕೇಳಿ ಪಡೆಯಲು ಯಾವ ಪ್ರಯೋಗಾಲಯವೂ ಬೇಕಿಲ್ಲ.